ಸೈಕಲ್ ಜೊತೆಗೆ ಒಂದು ಟೈರನ್ನೂ ಕೊಡಿ

ಮಾನ್ಯ ಶಾಲಾ ಶಿಕ್ಷಣ ಸಚಿವರೇ,

ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾದ ಮೇಲೆ ಹಳ್ಳಿಯ ಹೆಣ್ಣುಮಕ್ಕಳಿಗೆ ಎಷ್ಟು ಅನುಕೂಲವಾಯಿತೆಂದು ಪ್ರೌಢಶಾಲೆಯಲ್ಲಿ ಪಾಠ ಮಾಡುವ ನಮಗೆ ಚೆನ್ನಾಗಿ ಗೊತ್ತು. ಕೋವಿಡ್ ಹೊತ್ತಿಗೆ ನಿಂತ ಆ ಯೋಜನೆಯ ಪರವಾಗಿ ಮಾತಾಡಿದವರು ಬಹಳ ಮಂದಿ. ನಾನು ಕೇಳುವುದು ಅದಕ್ಕಿಂತ ಸಣ್ಣದು. ಯೋಜನೆ ಮತ್ತೆ ನಡೆಯುವಾಗ, ಸೈಕಲ್ ಪಡೆದ ಮಗು ಒಂಬತ್ತನೇ ತರಗತಿ ಮುಗಿಸುವ ಹೊತ್ತಿಗೆ ಒಂದು ಹೊಸ ಟೈರು ಕೊಡಿಸಿ. ಜೋಡಿ ಬೇಡ, ಒಂದು ಸಾಕು.

ಒಂದೇ ಏಕೆಂದರೆ, ಎರಡೂ ಟೈರು ಒಟ್ಟಿಗೆ ಸವೆಯುವುದಿಲ್ಲ. ಕೂತವರ ಭಾರದ ಹೆಚ್ಚಿನ ಪಾಲು ಬೀಳುವುದು ಹಿಂದಿನ ಚಕ್ರದ ಮೇಲೆ. ಪೆಡಲ್ ತುಳಿದ ಬಲ ಚೈನಿನಿಂದ ಹೋಗುವುದೂ ಅಲ್ಲಿಗೇ. ಕ್ಯಾರಿಯರ್ ಮೇಲೆ ಪುಸ್ತಕದ ಬ್ಯಾಗು, ಎಷ್ಟೋ ದಿನ ತಮ್ಮನೋ ತಂಗಿಯೋ ಸಹ. ನಮ್ಮ ಶಾಲೆಯ ಸೈಕಲ್ ಸ್ಟ್ಯಾಂಡಿನಲ್ಲಿ ಬಗ್ಗಿ ನೋಡಿದರೆ ಸಾಕು: ಮುಂದಿನ ಟೈರಿನ ಗಟ್ಟೆಗಳು ಇನ್ನೂ ಗಟ್ಟಿಯಾಗಿವೆ, ಹಿಂದಿನದು ನಡುವೆ ಬೋಳಾಗಿ ಒಳಗಿನ ನೂಲು ಬಿಳಿಚಿಕೊಂಡು ಕಾಣುತ್ತಿದೆ. ನೂಲು ಹರಿದ ಕಡೆ ಹಳೇ ಟೈರಿನ ತುಂಡೊಂದನ್ನು ಒಳಗಿಟ್ಟು ಗಾಳಿ ತುಂಬಿಸಿಕೊಂಡು ಬರುತ್ತಾರೆ ಮಕ್ಕಳು. ಪಕ್ಕದಿಂದ ಉಬ್ಬು ಬಂದ ಮೇಲೆ ಅದೂ ಮುಗಿಯಿತು. ಕೂಲಿಯ ಮನೆಯಲ್ಲಿ ಟೈರಿಗೆ ದುಡ್ಡು ಹೊಂದುವವರೆಗೆ ಸೈಕಲ್ ಗೋಡೆಗೆ ಒರಗುತ್ತದೆ, ಮಗು ನಡೆದು ಬರುತ್ತದೆ, ಇಲ್ಲವೇ ಬರುವುದಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಸವೆದ ಹಿಂದಿನ ಟೈರನ್ನು ಮುಂದಕ್ಕೆ ಹಾಕಿ, ಮುಂದಿನದನ್ನು ಹಿಂದಕ್ಕೆ ಹಾಕಿ ಕಾಲ ತಳ್ಳುವವರಿದ್ದಾರೆ. ದಯವಿಟ್ಟು ಅದಕ್ಕೆ ಅವಕಾಶ ಕೊಡಬಾರದು. ಹಿಂದಿನ ಟೈರು ಸಿಡಿದರೆ ಸೈಕಲ್ ತೂರಾಡುತ್ತದೆ, ಬ್ರೇಕ್ ಹಿಡಿದು ನಿಲ್ಲಿಸಬಹುದು. ಮುಂದಿನದು ಸಿಡಿದರೆ ಹ್ಯಾಂಡಲ್ ಮಾತು ಕೇಳುವುದಿಲ್ಲ, ಮಗು ಬೀಳುವುದು ಮುಖ ಅಡಿಯಾಗಿ. ಆದ್ದರಿಂದ ಹೊಸ ಟೈರು ಯಾವಾಗಲೂ ಮುಂದಕ್ಕೆ, ಮುಂದಿದ್ದ ಚೆನ್ನಾದದ್ದು ಹಿಂದಕ್ಕೆ, ಹಿಂದಿದ್ದದ್ದು ಗುಜರಿಗೆ. ಹೀಗೆ ಮಾಡಿದರೆ ಯಾವ ಟೈರೂ ಅರ್ಧ ಜೀವ ಇರುವಾಗಲೇ ಬಿಸಾಡುವಂತಾಗುವುದಿಲ್ಲ. ಮುಂದೆ ಹಾಗೇ ಬಿಟ್ಟ ಟೈರು ಸವೆಯದಿದ್ದರೂ ಬಿಸಿಲಿಗೆ ಪಕ್ಕ ಬಿರಿದು ಹಾಳಾಗುತ್ತದೆ. ಹಿಂದಕ್ಕೆ ಹೋದರೆ ಅದರ ರಬ್ಬರು ಪೂರ್ತಿ ಬಳಕೆಗೆ ಬರುತ್ತದೆ. ಇಂಥ ಸೈಕಲ್‌ಗಳ ಎರಡೂ ಚಕ್ರಕ್ಕೆ ಒಂದೇ ಅಳತೆಯಾದ್ದರಿಂದ ಅಡ್ಡಿಯೇನಿಲ್ಲ.

ಟೈರು ಕೊಂಡು ಹಂಚುವ ಕಷ್ಟ ತಮ್ಮ ಇಲಾಖೆಗೆ ಬೇಡವೆಂದಾದರೆ ಸೈಕಲ್ ಟೆಂಡರಿನಲ್ಲೇ ಮೂರನೇ ಟೈರನ್ನು ಸೇರಿಸಿ. ಆದರೆ ಅದನ್ನು ಮೊದಲ ದಿನವೇ ಮಗುವಿನ ಕೈಗೆ ಕೊಡಬೇಡಿ, ಶಾಲೆಯಲ್ಲಿ ನೆರಳಿನಲ್ಲಿ ಇಡಿಸಿ. ಟೈರು ಬದಲಿಸುವಾಗ ಅದು ಬಾಣದ ಗುರುತಿರುವ ಟೈರಾದರೆ ಚಕ್ರ ತಿರುಗುವ ದಿಕ್ಕಿಗೇ ಹಾಕಬೇಕು. ಇದನ್ನೆಲ್ಲ ದೈಹಿಕ ಶಿಕ್ಷಣದ ಒಂದೆರಡು ಪೀರಿಯಡ್‌ನಲ್ಲಿ ಕಲಿಸಬಹುದು. ಗಾಳಿ ಕಡಿಮೆ ಇದ್ದರೆ ಟೈರು ಬೇಗ ಹೋಗುತ್ತದೆ, ಹಾಗಾಗಿ ಶಾಲೆಗೊಂದು ಪಂಪು ಬೇಕೇ ಬೇಕು. ಅದರ ಜೊತೆಗೆ ಎರಡು ಸ್ಪ್ಯಾನರು, ಒಂದು ಜೊತೆ ಟೈರ್ ಲಿವರು. ಶಾಲಾ ಅನುದಾನದಲ್ಲಿ ಇವನ್ನು ಕೊಳ್ಳಲು ಒಂದು ಸುತ್ತೋಲೆ ಹೊರಡಿಸಿದರೆ ಉಳಿದದ್ದನ್ನು ನಾವು ಮಾಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪ್ರೌಢಶಾಲಾ ಶಿಕ್ಷಕಿ