ಹೊಸ ಒಲೆ, ಹಳೆಯ ಅಟ್ಟ

ಅಡಿಗೆ ಅನಿಲವು ಮನೆಮನೆಗೂ ಬಂದ ಮೇಲೆ ಕಟ್ಟಿಗೆ ಒಲೆಯ ಕಾಲ ಮುಗಿಯಿತೆಂದು ನಮ್ಮಲ್ಲಿ ಹಲವರು ಭಾವಿಸಿದ್ದುಂಟು. ಮಲೆನಾಡಿನ ಮಟ್ಟಿಗೆ ಅದು ನಿಜವಾಗಲಿಲ್ಲ. ಬಚ್ಚಲಿನ ಹಂಡೆಯ ಕೆಳಗೆ ಈಗಲೂ ಬೆಂಕಿ ಉರಿಯುತ್ತದೆ, ಅಡಿಕೆ ಬೇಯಿಸುವ ಒಲೆ ಉರಿಯುತ್ತದೆ. ಇವುಗಳ ಜೊತೆಗೆ ಈಚೆಗೆ ಹೊಸದೊಂದು ಸೇರಿಕೊಂಡಿದೆ. ನಗರದಿಂದ ಮರಳಿ ಊರಿನಲ್ಲಿ ಮನೆ ಕಟ್ಟಿಸುವವರೂ ಹೋಂಸ್ಟೇ ನಡೆಸುವವರೂ ಬಾಗಿಲುಳ್ಳ ಕಬ್ಬಿಣದ ಒಲೆಗಳನ್ನು ತರಿಸಿ, ತಾವೇ ಕಟ್ಟಿದ ಕಟ್ಟೆಯ ಮೇಲೆ ಕೂರಿಸುತ್ತಿದ್ದಾರೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೇ ಮೂವರು ಈ ಕೆಲಸದಲ್ಲಿದ್ದಾರೆ. "ಯಾವ ಒಲೆ ತರಲಿ, ಸಾರ್?" ಎಂದು ಮೂವರೂ ಕೇಳಿದರು. ಒಲೆಯ ಕೆಳಗೆ ಏನಿರಬೇಕು, ಮೇಲೆ ಏನಿರಬಾರದು ಎಂದು ಒಬ್ಬನೂ ಕೇಳಲಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಲೆಗಿಂತ ಕಟ್ಟೆ ಮುಖ್ಯ, ಕಟ್ಟೆಗಿಂತ ಹೊಗೆಕೊಳವೆ ಮುಖ್ಯ. ಕೊಳವೆಯು ಮಾಡನ್ನು ದಾಟಿ ಹೊರಗೆ ಹೋಗುವವರೆಗೆ ಆ ಒಲೆಗೆ ಒಂದು ಕಡ್ಡಿಯನ್ನೂ ಗೀರಬಾರದು.

ನಮ್ಮ ಹಿರಿಯರ ಒಲೆ ಮಣ್ಣಿನದು. ಮಣ್ಣಿಗೆ ಭತ್ತದ ಹೊಟ್ಟು ಬೆರೆಸಿ ಮೆಟ್ಟಿ, ಒಂದು ಗೇಣು ದಪ್ಪಕ್ಕೆ ಕಟ್ಟುತ್ತಿದ್ದರು. ಹೊಟ್ಟು ಉರಿದುಹೋದ ಜಾಗದಲ್ಲಿ ಸಣ್ಣ ಸಣ್ಣ ಗಾಳಿಗೂಡುಗಳು ಉಳಿದು ಶಾಖವನ್ನು ತಡೆಯುತ್ತಿದ್ದವು. ಹೀಗಾಗಿ ಒಲೆಯ ಹೊರಮೈ ಅಷ್ಟಾಗಿ ಕಾಯುತ್ತಿರಲಿಲ್ಲ. ಕಬ್ಬಿಣದ ಒಲೆಯ ಸ್ವಭಾವವೇ ಬೇರೆ. ಅದರ ಮೈಯೆಲ್ಲ ಕಾದು ನಾಲ್ಕೂ ಕಡೆಗೆ ಶಾಖವನ್ನು ಬೀರುತ್ತದೆ. ಚಳಿಗಾಲದಲ್ಲಿ ಕೋಣೆ ಬೆಚ್ಚಗಾಗಲೆಂದೇ ಅದನ್ನು ಹಾಗೆ ಮಾಡಿರುತ್ತಾರೆ. ಆದುದರಿಂದ ಮಣ್ಣಿನ ಒಲೆಯಿದ್ದ ಮೂಲೆಯಲ್ಲಿಯೇ ಕಬ್ಬಿಣದ್ದನ್ನು ಇಟ್ಟರಾಯಿತು ಎಂಬ ಲೆಕ್ಕಾಚಾರ ಸರಿಯಲ್ಲ.

ಕಟ್ಟೆಯನ್ನು ಇಟ್ಟಿಗೆಯಿಂದ, ನೆಲದಿಂದಲೇ ಎಬ್ಬಿಸಬೇಕು. ಹಲಗೆ ಹಾಸಿದ ಮಹಡಿಯ ಮೇಲಂತೂ ಕೂಡದು. ಮೇಲ್ಗಡೆಗೆ ನುಣುಪಾದ ಗ್ರಾನೈಟ್ ಚಪ್ಪಡಿ ಹಾಕಿಸುವುದು ಈಗಿನ ರೂಢಿ. ನೋಡಲು ಅಂದವೇ. ಆದರೆ ಒಂದೆಡೆ ಕಾದು ಒಂದೆಡೆ ತಣ್ಣಗಿರುವ ಕಲ್ಲು ಬಿರಿಯುತ್ತದೆ. ಸಿಮೆಂಟಿನ ಗಾರೆಯೂ ಸತತ ಬೆಂಕಿಯ ಶಾಖಕ್ಕೆ ಸತ್ವ ಕಳೆದುಕೊಂಡು ಪುಡಿಯಾಗುತ್ತದೆ. ಬೆಂಕಿ ತಗಲುವ ಕಡೆ ಫೈರ್ ಬ್ರಿಕ್ ಇಟ್ಟು, ಗಾರೆಗೆ ಜೇಡಿಮಣ್ಣನ್ನೇ ಬಳಸುವುದು ಲೇಸು. ಹೊಳೆಯಿಂದ ತಂದ ಉರುಟು ಕಲ್ಲುಗಳನ್ನು ಒಲೆಯ ಒಳಗಡೆ ಎಂದೂ ಕೂರಿಸಬೇಡಿ. ಒಳಗಿನ ನೀರಿನಂಶ ಆವಿಯಾಗಿ ಕಲ್ಲು ಸಿಡಿದೀತು. ಒಲೆಯ ಬಾಯಿಯ ಮುಂದೆ ಕನಿಷ್ಠ ಒಂದೂವರೆ ಅಡಿ ಕಟ್ಟೆ ಚಾಚಿಕೊಂಡಿರಲಿ. ಕೆಂಡ ಉರುಳುವುದು ಮುಂದಕ್ಕೇ.

ಗೋಡೆಯಿಂದ ಎಷ್ಟು ದೂರ? ತಯಾರಕರು ಪರೀಕ್ಷಿಸಿ ನಮೂದಿಸಿದ ಅಂತರವಿದ್ದರೆ ಅದನ್ನೇ ಪಾಲಿಸಬೇಕು. ಇಲ್ಲವಾದರೆ ಮರ, ಪ್ಲೈವುಡ್, ಪರದೆ ಇಂಥವು ಒಲೆಯಿಂದ 3 ಅಡಿ ದೂರವಿರಬೇಕು ಎಂಬುದು ಅಮೆರಿಕದವರು ಬಹುಕಾಲದಿಂದ ಅನುಸರಿಸಿಕೊಂಡು ಬಂದಿರುವ ನಿಯಮ. ಸ್ಥಳ ಕಡಿಮೆಯಿದ್ದರೆ ಗೋಡೆಯಿಂದ ಒಂದು ಅಂಗುಲ ಬಿಟ್ಟು ತಗಡನ್ನು ನಿಲ್ಲಿಸುತ್ತಾರೆ; ಹಿಂದಿನ ಸಂದಿಯಲ್ಲಿ ಗಾಳಿ ಕೆಳಗಿನಿಂದ ಮೇಲಕ್ಕೆ ಹರಿದು ಶಾಖವನ್ನು ಒಯ್ಯುತ್ತದೆ. ತಗಡನ್ನು ಗೋಡೆಗೇ ಅಂಟಿಸಿ ಮೊಳೆ ಹೊಡೆದರೆ ಈ ಪ್ರಯೋಜನವಿಲ್ಲ. ಇಲ್ಲಿ ವಿಜ್ಞಾನದ ಒಂದು ಮಾತನ್ನು ಹೇಳಲೇಬೇಕು. ಮರವು ಕೆಂಡ ತಗಲಿದರಷ್ಟೇ ಹೊತ್ತಿಕೊಳ್ಳುತ್ತದೆ ಎಂದಿಲ್ಲ. ವರ್ಷಗಟ್ಟಲೆ ಶಾಖ ಉಂಡ ಮರ ಒಳಗೊಳಗೇ ಕರಿಕಾಗಿ, ಮೊದಲಿಗಿಂತ ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳುವ ಸ್ಥಿತಿಗೆ ಬರುತ್ತದೆ. "ಐದು ವರ್ಷದಿಂದ ಏನೂ ಆಗಿಲ್ಲ" ಎಂಬುದು ಆರನೆಯ ವರ್ಷಕ್ಕೆ ಭರವಸೆಯಾಗಲಾರದು.

ಹೊಗೆಕೊಳವೆಯ ವಿಷಯಕ್ಕೆ ಬಂದರೆ ನಮ್ಮ ನಾಡಿಗೆ ಒಂದು ಹೆಮ್ಮೆಯ ಇತಿಹಾಸವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರವು ರೂಪಿಸಿದ ಅಸ್ತ್ರ ಒಲೆಯನ್ನು ನಿಮ್ಮಲ್ಲಿ ಹಲವರು ಬಾಲ್ಯದಲ್ಲಿ ಕಂಡಿರುತ್ತೀರಿ. ಒಂದೇ ಬೆಂಕಿಗೆ ಮೂರು ಪಾತ್ರೆ, ಒಳಗೊಂದು ಜಾಲರಿ, ಹೊಗೆಗೆ ಕೊಳವೆ. ಕೇಂದ್ರ ಸರಕಾರವೂ 1983ರಿಂದ 2002ರವರೆಗೆ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ನಡೆಸಿತು. ಮಕ್ಕಳ ಮನೆಗಳಿಗೆ ಹೋದಾಗ ಇಂಥ ಒಲೆಗಳು ಮೂಲೆ ಸೇರಿದ್ದನ್ನೂ ನಾನು ನೋಡಿದ್ದೇನೆ. ಕೊಳವೆಯಲ್ಲಿ ಮಸಿ ಕಟ್ಟಿಕೊಂಡಿತು, ತೆಗೆಯುವವರಿಲ್ಲ, ಹೊಗೆ ಅಡಿಗೆಮನೆಗೇ ತಿರುಗಿತು. ದೋಷ ಒಲೆಯದೆಂದು ಜನ ತೀರ್ಮಾನಿಸಿದರು.

"ಹೊಗೆ ಇದ್ದರೇ ಒಳ್ಳೆಯದು, ಅಟ್ಟದ ಬಿದಿರಿಗೆ ಹುಳ ಬೀಳುವುದಿಲ್ಲ" ಎಂದು ವಾದಿಸುವ ಹಿರಿಯರು ನಮ್ಮ ಬಂಧುವರ್ಗದಲ್ಲಿಯೇ ಇದ್ದಾರೆ. ಮಾತು ಸುಳ್ಳಲ್ಲ. ಹೊಗೆ ಬಿದಿರನ್ನು ಕಾಯುತ್ತದೆ. ಆದರೆ ಬಿದಿರಿಗೆ ಉಸಿರಾಟವಿಲ್ಲ. ಒಲೆಯ ಮುಂದೆ ಕುಳಿತು ಊದುಗೊಳವೆ ಊದುವವಳಿಗೆ ಇದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಮ್ಮ ಮನೆಗಳಲ್ಲಿ ಐವತ್ತಕ್ಕೇ ಕೆಮ್ಮಿ ಬಾಗಿದ ಅತ್ತಿಗೆ, ಚಿಕ್ಕಮ್ಮಂದಿರನ್ನು ನೆನೆದರೆ ನನಗೆ ಆ ಸಂಖ್ಯೆಯ ಅಗತ್ಯವೂ ಕಾಣುವುದಿಲ್ಲ. ಬಿದಿರಿಗೆ ಬೇರೆ ಉಪಾಯ ಹುಡುಕೋಣ.

ಕೊಳವೆ ಆದಷ್ಟೂ ನೆಟ್ಟಗಿರಬೇಕು. ತುಂಡುಗಳನ್ನು ಜೋಡಿಸುವಾಗ ಮೇಲಿನದರ ತುದಿ ಕೆಳಗಿನದರ ಒಳಗೆ ಇಳಿಯಬೇಕು. ಆಗ ಇಳಿಯುವ ಡಾಂಬರಿನಂಥ ಕಪ್ಪು ರಸ ಹೊರಗೆ ಸೋರದು. ಮಂಗಳೂರು ಹೆಂಚು ಸುಡುವುದಿಲ್ಲ, ನಿಜ. ಆದರೆ ಅದರ ಕೆಳಗಿನ ರೀಪು, ಪಕಾಸಿಗಳು ಸುಡುತ್ತವೆ. ಕೊಳವೆಯನ್ನು ರೀಪಿಗೆ ತಾಗಿಸಿ ತಂತಿಯಲ್ಲಿ ಬಿಗಿದದ್ದನ್ನು ನೋಡಿ ನನಗೆ ಮೈ ಜುಮ್ಮೆಂದಿತ್ತು. ಒಂದೇ ಪದರದ ಕೊಳವೆಯಾದರೆ ಸುತ್ತಲೂ ಒಂದೂವರೆ ಅಡಿಯೊಳಗೆ ಮರವಿರಬಾರದು. ಅಷ್ಟು ಬಿಡುವುದು ಸಾಧ್ಯವಿಲ್ಲವೆಂದಾದರೆ ಇಟ್ಟಿಗೆಯ ಗೋಡೆಯೊಳಗಿಂದ ಹೊರಕ್ಕೆ ಒಯ್ಯಬೇಕು, ಅಥವಾ ನಡುವೆ ಶಾಖನಿರೋಧಕ ತುಂಬಿದ ಎರಡು ಪದರದ ಕೊಳವೆಗೆ ಹಣ ಖರ್ಚು ಮಾಡಬೇಕು. ಹಳೆಯ ಆಸ್ಬೆಸ್ಟಾಸ್ ಕೊಳವೆ ಮನೆಯಲ್ಲಿ ಬಿದ್ದಿದೆಯೆಂದು ಅದನ್ನು ಕೊಯ್ದು ಬಳಸಬೇಡಿ. ಅದರ ಧೂಳು ಕ್ಯಾನ್ಸರ್ ತರುವಂಥದು.

ಹಸಿ ಸೌದೆಯೇ ಆ ಕಪ್ಪು ರಸದ ತಾಯಿ. ಆಗ ತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಬೆಂಕಿಯ ಬಲವೆಲ್ಲ ಅದನ್ನು ಆರಿಸುವುದಕ್ಕೇ ವ್ಯಯವಾಗಿ, ತಣ್ಣನೆಯ ಹೊಗೆ ಕೊಳವೆಯ ಒಳಮೈಗೆ ಅಂಟಿಕೊಳ್ಳುತ್ತದೆ. ಹೀಗೆ ಅಂಟಿದ್ದು ಒಂದು ದಿನ ತಾನೇ ಹೊತ್ತಿಕೊಂಡರೆ ಕೊಳವೆಯೇ ಕೆಂಪಾಗುತ್ತದೆ. ಬೇಸಿಗೆಯಲ್ಲಿ ಸೀಳಿ ಒಣಗಿಸಿ ಮಳೆಗೆ ಮುನ್ನ ಸೌದೆ ಕೊಟ್ಟಿಗೆ ತುಂಬುತ್ತಿದ್ದವರ ಮಕ್ಕಳಿಗೆ ಇದನ್ನು ಹೇಳಬೇಕಾಗಿ ಬಂದದ್ದು ಸ್ವಲ್ಪ ವಿಚಿತ್ರವೇ. ಒದ್ದೆ ಸೌದೆಯನ್ನು ಒಣಗಲೆಂದು ಕಬ್ಬಿಣದ ಒಲೆಯ ಮೇಲಿನ ಅಟ್ಟದಲ್ಲಿ ಒಟ್ಟುವ ಅಭ್ಯಾಸವನ್ನು ಮಾತ್ರ ನಿಲ್ಲಿಸಬೇಕು.

ನನ್ನ ತಂಗಿಯ ಮಗ ಇಂಥದೇ ಒಂದು ಒಲೆಯನ್ನು ತಂದಿದ್ದಾನೆ. ಕಟ್ಟೆ ಮುಗಿದಿದೆ, ಇನ್ನೂ ಹಸಿಯಾಗಿದೆ. ಕೊಳವೆ ಅರ್ಧಕ್ಕೆ ನಿಂತಿದೆ. ಗೃಹಪ್ರವೇಶದ ಮುಹೂರ್ತ ಮಾತ್ರ ಸಿದ್ಧ. ಆ ಒಲೆಯಲ್ಲಿಯೇ ಹಾಲುಕ್ಕಿಸಬೇಕೆಂಬುದು ಅವನ ಹೆಂಡತಿಯ ಆಸೆ. ಕಿಟಕಿ ತೆರೆದಿಟ್ಟರೆ ಸಾಲದೇ ಎಂದು ಅವನ ಪ್ರಶ್ನೆ. ಸಾಲದು. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಅಂದು ನೆಂಟರು, ಮಕ್ಕಳು ಎಲ್ಲರೂ ಆ ಕೋಣೆಯಲ್ಲಿಯೇ ಸೇರುವವರು. ಹಸಿ ಕಟ್ಟೆಗೆ ಜೋರು ಬೆಂಕಿ ಹಾಕಿದರೆ ಅದು ಸೀಳುತ್ತದೆ ಎಂಬುದು ಬೇರೆ.

ಅಂಗಳದಲ್ಲಿ ಮೂರು ಕಲ್ಲು ಹೂಡಿ ಹಾಲುಕ್ಕಿಸಲಿ. ಅಗ್ನಿಗೆ ಅದರಿಂದ ಯಾವ ಅಪಚಾರವೂ ಇಲ್ಲ. ಕಟ್ಟೆ ನೆರಳಿನಲ್ಲಿ ಎರಡು ಮೂರು ವಾರ ಆರಲಿ. ಕೊಳವೆ ಹೆಂಚಿನಿಂದ 3 ಅಡಿ ಮೇಲಕ್ಕೆ ಏರಿ, ಮಳೆಗೊಂದು ಟೋಪಿ ಕೂತ ಮೇಲೆ, ಮೊದಲ ಕೆಲವು ದಿನ ಚಕ್ಕೆಪುಳ್ಳೆಗಳ ಸಣ್ಣ ಉರಿ ಸಾಕು. ಮಸಿ ತೆಗೆಯಲು ಕೊಳವೆಯ ಬುಡದಲ್ಲಿ ಮುಚ್ಚಳವಿರುವ ಒಂದು ಬಾಯಿಯನ್ನು ಈಗಲೇ ಇಡಿಸಬೇಕೆಂದು ಮೇಸ್ತ್ರಿಗೆ ಹೇಳಲು ಅವನಿಗೆ ನಿನ್ನೆ ರಾತ್ರಿ ದೂರವಾಣಿಯಲ್ಲಿ ತಿಳಿಸಿದ್ದೇನೆ. ಮುಹೂರ್ತದ ಬಗ್ಗೆ ತಂಗಿಯೇ ಸೊಸೆಯೊಡನೆ ಮಾತಾಡುವಳಂತೆ.