ಮೀಮ್: ಜಾನಪದದ ಹೊಸ ಪಠ್ಯ

1976ರಲ್ಲಿ ಪ್ರಕಟವಾದ ‘ದಿ ಸೆಲ್ಫಿಶ್ ಜೀನ್’ ಕೃತಿಯಲ್ಲಿ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ‘ಮೀಮ್’ ಎಂಬ ಪದವನ್ನು ರೂಪಿಸಿದರು. ರಾಗ, ನುಡಿಗಟ್ಟು, ಉಡುಪಿನ ರೀತಿ ಮೊದಲಾದವು ಅನುಕರಣೆಯ ಮೂಲಕ ಒಬ್ಬರಿಂದೊಬ್ಬರಿಗೆ ದಾಟುವ ಪ್ರಕ್ರಿಯೆಯನ್ನು ವಿವರಿಸುವುದು ಅವರ ಉದ್ದೇಶವಾಗಿತ್ತು. ಅಂತರ್ಜಾಲದ ನಗೆಚಿತ್ರ, ವೀಡಿಯೊ ತುಣುಕುಗಳಿಗೆ ಈ ಹೆಸರು ಬಂದುದು ಅನಂತರದ ಬೆಳವಣಿಗೆ. ಇವನ್ನು ಕ್ಷಣಿಕ ಮೋಜೆಂದು ಬದಿಗೆ ಸರಿಸುವುದು ಕನ್ನಡ ಜಾನಪದ ಅಧ್ಯಯನಕ್ಕೆ ಭೂಷಣವಲ್ಲ.

‘ನಿಖಿಲ್ ಎಲ್ಲಿದ್ದೀಯಪ್ಪಾ’ ಎಂಬ ಮಾತನ್ನು ನಿದರ್ಶನವಾಗಿ ಪರಿಶೀಲಿಸಬಹುದು. 2016ರಲ್ಲಿ ‘ಜಾಗ್ವಾರ್’ ಚಲನಚಿತ್ರದ ಧ್ವನಿಸುರುಳಿ ಬಿಡುಗಡೆ ಸಮಾರಂಭದಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರು ವೇದಿಕೆಯಿಂದ ಮಗನನ್ನು ಹೀಗೆ ಕರೆದಿದ್ದರು. ಮಗ ಮಂಡ್ಯ ಲೋಕಸಭಾ ಕ್ಷೇತ್ರದಿಂದ ಸ್ಪರ್ಧಿಸಿದ 2019ರಲ್ಲಿ ಆ ತುಣುಕು ಮರುಹುಟ್ಟು ಪಡೆಯಿತು. ಅದನ್ನೇ ಚಿತ್ರದ ಶೀರ್ಷಿಕೆಯಾಗಿ ನೋಂದಾಯಿಸಿಕೊಳ್ಳಲು ನಿರ್ಮಾಪಕರು ಮುಂದಾದರು. ಕಿರಿಯರನ್ನು ‘ಅಪ್ಪಾ’ ಎಂದು ಕರೆಯುವುದು ಕನ್ನಡದಲ್ಲಿ ವಾತ್ಸಲ್ಯದ ರೂಢಿ. ಮಾತಿನ ಒಂದಕ್ಷರವೂ ಬದಲಾಗದೆ, ಸಂದರ್ಭ ಬದಲಾದುದರಿಂದಲೇ ಆ ವಾತ್ಸಲ್ಯ ವ್ಯಂಗ್ಯವಾಯಿತು. ತಂದೆಯ ಕರೆ ಮತದಾರರ ಪ್ರಶ್ನೆಯಾಯಿತು. ಆ ಚುನಾವಣೆಯಲ್ಲಿ ಪಕ್ಷೇತರ ಅಭ್ಯರ್ಥಿ ಸುಮಲತಾ ಅಂಬರೀಶ್ ಒಂದೂಕಾಲು ಲಕ್ಷಕ್ಕೂ ಹೆಚ್ಚಿನ ಮತಗಳ ಅಂತರದಿಂದ ಗೆದ್ದರು. ಈ ಫಲಿತಾಂಶಕ್ಕೆ ಮೀಮ್ ಒಂದೇ ಕಾರಣವೆನ್ನುವುದು ಅತಿರೇಕವಾದೀತು. ಆದರೆ ಜನರ ಅಸಮಾಧಾನಕ್ಕೆ ಅದು ಸಿದ್ಧ ನುಡಿಗಟ್ಟನ್ನು ಒದಗಿಸಿತೆಂಬುದು ನಿರ್ವಿವಾದ.

ಕರ್ತೃವಿನ ಅಜ್ಞಾತತೆ, ಪಾಠಾಂತರಗಳ ಬಾಹುಳ್ಯ, ಅಧಿಕಾರದ ಅಣಕ ಇವು ಗಾದೆಗೂ ಮೀಮಿಗೂ ಸಮಾನ. ಆದರೆ ಒಂದು ಮೂಲಭೂತ ವ್ಯತ್ಯಾಸವಿದೆ. ಗಾದೆ ವ್ಯಕ್ತಿಯನ್ನು ಮರೆತು ಮಾತನ್ನು ಉಳಿಸುತ್ತದೆ. ವೀಡಿಯೊ ಮುಖವನ್ನೂ ಧ್ವನಿಯನ್ನೂ ಹೊತ್ತೇ ಸಾಗುತ್ತದೆ. ರಾಜಕಾರಣಿಗೆ ಉತ್ತರಿಸಲು ವೇದಿಕೆಯಿದೆ. ತನಗರಿವಿಲ್ಲದೆ ನಗೆಪಾಟಲಾದ ಹಳ್ಳಿಯ ಸಾಮಾನ್ಯನಿಗೆ ಅದಿಲ್ಲ. ಹೀಗಾಗಿ ಇಲ್ಲಿ ನಗುವಿನ ವಿಶ್ಲೇಷಣೆಯಷ್ಟೇ ಸಾಲದು, ಅದಕ್ಕೆ ಗುರಿಯಾದವರ ಘನತೆಯ ಪ್ರಶ್ನೆಯೂ ಅಧ್ಯಯನದ ಭಾಗವಾಗಬೇಕು.

ಸಂಗ್ರಹಕಾರ್ಯವೂ ಅಷ್ಟೇ ತುರ್ತಿನದು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ಅದರಲ್ಲಿದ್ದ ಕನ್ನಡದ ಅಸಂಖ್ಯ ತುಣುಕುಗಳು ಭಾರತದ ನೋಡುಗರಿಗೆ ಎಟುಕದಾದವು. ಹಾಡುಗಾರ್ತಿಯ ಕಂಠದಲ್ಲಾದರೂ ಹಾಡು ಉಳಿದೀತು. ಕಂಪನಿಯ ಸರ್ವರಿನಲ್ಲಿರುವ ಪಠ್ಯಕ್ಕೆ ಆ ಭರವಸೆಯಿಲ್ಲ. ಕ್ಷೇತ್ರಕಾರ್ಯದಲ್ಲಿ ವಕ್ತೃ, ಊರು, ಸಂದರ್ಭಗಳನ್ನು ದಾಖಲಿಸುವ ಶಿಸ್ತನ್ನು ಕಲಿಸುವ ಕನ್ನಡ ವಿಭಾಗಗಳು ಮೀಮುಗಳ ದಿನಾಂಕ, ಪಾಠಾಂತರ, ಸಂದರ್ಭಗಳನ್ನೂ ಅದೇ ಶಿಸ್ತಿನಿಂದ ದಾಖಲಿಸಬೇಕು. ಸಂದರ್ಭ ಕಳಚಿದ ಮೀಮ್ ಮುಂದಿನ ತಲೆಮಾರಿಗೆ ಓದಲಾಗದ ಶಾಸನವಾಗುತ್ತದೆ.