ಒಂದು ರಾತ್ರಿಯ ಬಿಡಾರ

— ಒಬ್ಬ ವಿದ್ಯಾರ್ಥಿನಿ, ಅಂತಿಮ ಬಿ.ಎ.

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆಯನ್ನು ಪ್ರೌಢಶಾಲೆಯ ಪ್ರಬಂಧಗಳಲ್ಲಿ ಬರೆದು ಅಂಕ ಗಳಿಸದವರು ನಮ್ಮಲ್ಲಿ ಯಾರೂ ಇರಲಾರರು. ಆದರೆ ದೇಶ ಸುತ್ತಲು ಹೊರಟವರು ರಾತ್ರಿ ಎಲ್ಲಿ ಮಲಗಬೇಕು, ಅವರಿಗೆ ಬೇಯಿಸಿ ಹಾಕುವವರು ಯಾರು ಎಂಬುದನ್ನು ಆ ಗಾದೆ ಹೇಳುವುದಿಲ್ಲ. ನಾನೂ ಈ ಪ್ರಶ್ನೆಯನ್ನು ಕೇಳಿಕೊಂಡವಳಲ್ಲ. ಕಳೆದ ಬೇಸಿಗೆಯಲ್ಲಿ ಅವ್ವನೊಡನೆ ಕೆಮ್ಮಣ್ಣುಗುಂಡಿಗೆ ಹೋಗಿ ಒಂದು ರಾತ್ರಿ ತಂಗಿ ಬಂದ ಮೇಲೆ ಅದು ನನ್ನನ್ನು ಬಿಟ್ಟಿಲ್ಲ. ಆ ವಿಷಯವಾಗಿ ನನಗೆ ತೋರಿದ ನಾಲ್ಕು ಮಾತುಗಳನ್ನು ಇಲ್ಲಿ ಬರೆಯುತ್ತೇನೆ.

ಸಜ್ಜಾದ ಬಿಡಾರವನ್ನು ಬಾಡಿಗೆಗೆ ಪಡೆಯುವುದು ಹೊರದೇಶಗಳಲ್ಲಿ ಸಾಮಾನ್ಯ ಸಂಗತಿ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸರ್ಕಾರಿ ಉದ್ಯಾನಗಳಲ್ಲಿ ಹಾಸಿಗೆ, ಒಲೆ, ಪಾತ್ರೆಗಳನ್ನು ಮೊದಲೇ ಅಣಿಗೊಳಿಸಿದ ಗುಡಾರಗಳು ಕಾದಿರುತ್ತವೆ. ಕ್ಯಾರವಾನ್ ಎಂದು ಕರೆಯುವ ಗಾಲಿಮನೆಯೂ ಇಂಥದೇ. ನಮ್ಮ ನೆರೆಯ ಕೇರಳವು 2021ರಲ್ಲಿ ಇದನ್ನು ಪ್ರೋತ್ಸಾಹಿಸಲು ಯೋಜನೆಯೊಂದನ್ನು ಪ್ರಕಟಿಸಿತು. ಮರುವರ್ಷ ವಾಗಮಣ್ ಬೆಟ್ಟದಲ್ಲಿ ಗಾಲಿಮನೆಗಳು ನಿಲ್ಲುವ ಉದ್ಯಾನವೂ ತೆರೆಯಿತು. ವಿಹಾರಕ್ಕೆಂದೇ ಕಟ್ಟಿಸಿದ ಗಾಲಿಮನೆಗಳ ಚರಿತ್ರೆಯನ್ನು ಹೇಳುವವರು 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯರು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮಾಡಿಸಿದ ಕುದುರೆಗಾಡಿಯಿಂದ ಆರಂಭಿಸುತ್ತಾರೆ. ಆ ವೈದ್ಯರು ಊರೂರು ತಿರುಗಿ ಸ್ವಚ್ಛಂದ ಜೀವನದ ಸುಖವನ್ನು ಬಹಳವಾಗಿ ಹೊಗಳಿ ಬರೆದರು. ಅವರೊಡನೆ ಗಾಡಿ ಹೊಡೆಯುವವನೊಬ್ಬ, ಸೇವಕನೊಬ್ಬ ಇದ್ದರೆಂಬುದನ್ನು ಮಾತ್ರ ನಾವು ಮರೆಯಬಾರದು.

ಗಾಲಿಮನೆ ನಮಗೇನೂ ಹೊಸದಲ್ಲ. ನಮ್ಮ ಅಜ್ಜಿಯ ಕಾಲದಲ್ಲಿ ಅಜ್ಜಂಪುರದ ಕಡೆಯ ಹಳ್ಳಿಗಳವರು ಅಂತರಘಟ್ಟಮ್ಮನ ಜಾತ್ರೆಗೆ ಕಮಾನುಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಈಗಲೂ ಆ ಜಾತ್ರೆಗೆ ಎತ್ತಿನ ಗಾಡಿಗಳು ಸಾಲುಗಟ್ಟಿ ಹೋಗುವುದುಂಟು. ಗಾಡಿಯೊಳಗೆ ಹುಲ್ಲು ಹಾಸಿ ಮೇಲೆ ಜಮಖಾನ ಹಾಕಿದರೆ ಅದೇ ಮಂಚ. ಕೆಳಗೆ ತೂಗುಬಿಟ್ಟ ಲಾಟೀನೇ ದೀಪ. ಗಂಡಸರಿಗೆ ಇದು ನಿಜವಾಗಿಯೂ ವಿಹಾರವೇ ಆಗಿತ್ತು. ಹೆಂಗಸರಿಗಾದರೋ? ಹಿಟ್ಟಿನ ಚೀಲ, ಕಾರದಪುಡಿ, ಮಡಕೆ, ಕೊಡಪಾನ, ಒರಳಿನ ಹೊರತು ಮಿಕ್ಕ ಅಡಿಗೆಮನೆಯೆಲ್ಲ ಅವರೊಡನೆ ಗಾಡಿ ಹತ್ತುತ್ತಿತ್ತು. ಮೂರು ಕಲ್ಲು ಹೂಡಿ ಒಲೆ ಮಾಡಿ, ದೂರದಿಂದ ನೀರು ಹೊತ್ತು, ಹೊಗೆಯಲ್ಲಿ ಕಣ್ಣೊರೆಸಿಕೊಂಡು ಅವರು ಮುದ್ದೆ ಕಟ್ಟುವ ಹೊತ್ತಿಗೆ ತೇರು ಮುಂದಕ್ಕೆ ಹೋಗಿರುತ್ತಿತ್ತು. “ನಾನು ಹನ್ನೆರಡು ಜಾತ್ರೆಗೆ ಹೋಗಿದೀನಿ ಕಣವ್ವ, ತೇರು ಎಳೆಯೋದು ನೋಡಿದ್ದು ಎರಡೇ ಸಲ” ಎಂದು ಅಜ್ಜಿ ನಗುತ್ತಾ ಹೇಳುತ್ತಿದ್ದಳು. ಆಗ ನಾನೂ ನಕ್ಕಿದ್ದೆ.

ಅವ್ವನ ಪಾಡೂ ಇದಕ್ಕಿಂತ ಭಿನ್ನವಲ್ಲ. ನೆಂಟರ ಮನೆ, ಜಾತ್ರೆ, ನಾನು ಚಿಕ್ಕವಳಿದ್ದಾಗ ನನ್ನನ್ನು ಸೇರಿಸಿದ್ದ ಆಸ್ಪತ್ರೆ, ಇವುಗಳನ್ನು ಬಿಟ್ಟು ಅವಳು ಬೇರೆಲ್ಲಿಯೂ ರಾತ್ರಿ ಕಳೆದವಳಲ್ಲ. ನನ್ನ ವಿದ್ಯಾರ್ಥಿವೇತನದಲ್ಲಿ ಉಳಿದ ಹಣದಿಂದ ಕೆಮ್ಮಣ್ಣುಗುಂಡಿಯ ಸರ್ಕಾರಿ ಅತಿಥಿಗೃಹದಲ್ಲಿ ಒಂದು ಕೋಣೆಯನ್ನು ಗೊತ್ತುಮಾಡಿದೆ. ತರೀಕೆರೆಗೆ ಹೋಗಿ, ಲಿಂಗದಹಳ್ಳಿಯವರೆಗೆ ಬಸ್ಸು, ಮುಂದಕ್ಕೆ ಜೀಪು. ದಾರಿಯಲ್ಲಿ ಕಲ್ಲತ್ತಿಗಿರಿಯ ಜಲಪಾತದ ಬಳಿ ಇಳಿದು ವೀರಭದ್ರನಿಗೆ ಕೈಮುಗಿದೆವು. ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ 1434 ಮೀಟರು ಎತ್ತರದಲ್ಲಿದೆ. ಅಲ್ಲಿನ ಕೆಂಪುಮಣ್ಣಿನ ಅದುರೇ ಒಂದು ಕಾಲದಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಹೋಗುತ್ತಿತ್ತೆಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅದನ್ನೆಲ್ಲ ಅವ್ವನಿಗೆ ವಿವರಿಸುತ್ತಿದ್ದರೆ ಅವಳ ಗಮನವೆಲ್ಲ ಕೋಣೆಯ ಕಡೆಗಿತ್ತು. ಹಾಸಿಗೆ ಹಾಸಿತ್ತು, ನಲ್ಲಿಯಲ್ಲಿ ನೀರಿತ್ತು, ಊಟ ಕ್ಯಾಂಟೀನಿನಲ್ಲಿ. “ಇದನ್ನೆಲ್ಲ ಯಾರು ಹಾಸಿದ್ರು ಮಗಾ?” ಎಂದು ಕೇಳಿದಳು. ಆಮೇಲೆ ತನ್ನ ಗಂಟನ್ನು ಬಿಚ್ಚಿದಳು. ಬೇಡವೆಂದರೂ ಅದರೊಳಗೆ ರಾಗಿಹಿಟ್ಟು, ಉಪ್ಪಿನಕಾಯಿ, ಒಂದು ಸಣ್ಣ ಪಾತ್ರೆ ಬಂದಿದ್ದವು!

ಮರುದಿನ ಐದು ಗಂಟೆಗೆ ನನಗೆ ಎಚ್ಚರವಾದಾಗ ಅವ್ವ ಹಾಸಿಗೆಯಲ್ಲಿರಲಿಲ್ಲ. ಹೊರಗೆ ಜಗುಲಿಯ ಮೇಲೆ ಸೆರಗು ಹೊದ್ದು ಕುಳಿತು ಮಂಜು ನೋಡುತ್ತಿದ್ದಳು. ಕೊಟ್ಟಿಗೆ ಬಳಿಯುವುದಿರಲಿಲ್ಲ, ಒಲೆ ಹಚ್ಚುವುದಿರಲಿಲ್ಲ, ಈರುಳ್ಳಿ ಹೊಲಕ್ಕೆ ಕೂಲಿಗೆ ಓಡುವುದಿರಲಿಲ್ಲ. ಬಿಸಿಲು ಬರುವ ತನಕ ಅವಳು ಅಲ್ಲಿಂದ ಏಳಲಿಲ್ಲ. ಅವ್ವ ಬೆಳಗಿನ ಹೊತ್ತು ಸುಮ್ಮನೆ ಕುಳಿತದ್ದನ್ನು ನನ್ನ ಇಪ್ಪತ್ತು ವರ್ಷದ ಬಾಳಿನಲ್ಲಿ ನಾನು ಕಂಡದ್ದು ಅದೇ ಮೊದಲು. ಹೊರಡುವಾಗ ಅವಳು ಕೋಣೆಯನ್ನು ತಾನೇ ಗುಡಿಸಿದಳು, ಹೊದಿಕೆಗಳನ್ನು ಮಡಿಸಿಟ್ಟಳು. ಬಸ್ಸಿನಲ್ಲಿ ಬಾಡಿಗೆ ಎಷ್ಟೆಂದು ಕೇಳಿದಳು. ಹೇಳಿದೆ. “ನಾಕು ದಿನದ ಕೂಲಿ” ಎಂದು ಲೆಕ್ಕ ಹಾಕಿ ಸುಮ್ಮನಾದಳು.

ಸಜ್ಜಾದ ಬಿಡಾರವು ಶ್ರೀಮಂತರ ಷೋಕಿ ಎಂದು ನಮ್ಮಲ್ಲಿ ಹಲವರ ಅಭಿಪ್ರಾಯ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾಗಿದೆ. ಶ್ರೀಮಂತರಿಗೆ ಮನೆಯಲ್ಲಿಯೇ ಆಳುಕಾಳುಗಳಿದ್ದಾರೆ. ಅವರಿಗೆ ಅದು ಒಂದು ಸೌಕರ್ಯ ಮಾತ್ರ. ಬಡ ಕುಟುಂಬದ ಹೆಂಗಸಿಗೆ ಅದೊಂದೇ ವಿಶ್ರಾಂತಿ. ಮನೆಯ ಕೆಲಸವನ್ನು ಜೊತೆಗೆ ಹೊತ್ತುಕೊಂಡು ಹೋಗುವುದು ಪ್ರವಾಸವಲ್ಲ, ಕೆಲಸದ ಸ್ಥಳಾಂತರ. ಫ್ರಾನ್ಸ್ ದೇಶದಲ್ಲಿ 1936ರಲ್ಲಿ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರಗಳ ಸಂಬಳಸಹಿತ ರಜೆಯನ್ನು ಕಾನೂನಿನಿಂದ ಕೊಟ್ಟರು. ರೈಲಿನ ದರವನ್ನೂ ಅವರಿಗಾಗಿ ಇಳಿಸಿದರು. ರಜೆ ಎಂಬುದು ಕೇವಲ ಉಳ್ಳವರ ಸೊತ್ತಲ್ಲವೆಂದು ಆ ಸರ್ಕಾರವು ಒಪ್ಪಿತು. ನಮ್ಮಲ್ಲಿಯೂ 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆಯು ಆರಂಭವಾಗಿ, ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣವು ಉಚಿತವಾಯಿತು. ಕಡೂರಿನ ಬಸ್ ನಿಲ್ದಾಣದಲ್ಲಿ ನಿಂತು ನೋಡಿದರೆ ಅದರ ಫಲವು ಕಣ್ಣಿಗೆ ಕಾಣುತ್ತದೆ. ಆದರೆ ಬೆಳಗ್ಗೆ ಹೊರಟವರು ಸಂಜೆಗೆ ಮನೆ ಸೇರಲೇಬೇಕು; ತಂಗಲು ತಾವಿಲ್ಲ. ಹಗಲು ಅವರದಾಯಿತು, ರಾತ್ರಿ ಇನ್ನೂ ಆಗಲಿಲ್ಲ.

ಇದಕ್ಕೆ ಎರಡು ಆಕ್ಷೇಪಣೆಗಳುಂಟು. ಶಿಬಿರಜೀವನದಿಂದ ಸ್ವಾವಲಂಬನೆ ಬರುತ್ತದೆ, ಎಲ್ಲವೂ ಸಿದ್ಧವಾಗಿ ಸಿಕ್ಕರೆ ಜನ ಸೋಮಾರಿಗಳಾಗುತ್ತಾರೆ ಎಂಬುದು ಮೊದಲನೆಯದು. ನಮ್ಮ ಎನ್.ಎಸ್.ಎಸ್. ಶಿಬಿರದಲ್ಲಿ ನಾವೇ ಅಡಿಗೆ ಮಾಡಿ, ಪಾತ್ರೆ ತೊಳೆದು, ಬಹಳ ಕಲಿತೆವೆಂಬುದು ನಿಜ. ಆದರೆ ವರ್ಷದ ಎಲ್ಲ ದಿನವೂ ಅದನ್ನೇ ಮಾಡುವವಳಿಗೆ ಆ ಪಾಠ ಯಾವ ಪ್ರಯೋಜನಕ್ಕೆ? ಸ್ವಾವಲಂಬನೆಯನ್ನು ಹೊಗಳುವ ಸಹಪಾಠಿ ಮಿತ್ರರು ಮುಂದಿನ ಜಾತ್ರೆಯಲ್ಲಿ ತಾವೇ ಒಲೆಯ ಮುಂದೆ ಕೂತು, ತಾಯಂದಿರನ್ನು ತೇರಿಗೆ ಕಳಿಸಲಿ. ಆಗ ಅವರ ಮಾತನ್ನು ನಾನು ಸಂತೋಷದಿಂದ ಒಪ್ಪುತ್ತೇನೆ.

ಸರ್ಕಾರವು ವಸತಿಗೃಹಗಳ ವ್ಯಾಪಾರಕ್ಕೆ ಇಳಿಯಬಾರದೆಂಬುದು ಎರಡನೆಯ ಆಕ್ಷೇಪಣೆ. ಆದರೆ ಅದು ಎಂದೋ ಇಳಿದಿದೆ. ತಾಲ್ಲೂಕು ಊರುಗಳಲ್ಲಿ ಅಧಿಕಾರಿಗಳಿಗಾಗಿ ಪ್ರವಾಸಿ ಮಂದಿರಗಳು ಹಿಂದಿನಿಂದಲೂ ಇವೆ. ಸರ್ಕಾರಿ ಸಂಸ್ಥೆಯಾದ ಜಂಗಲ್ ಲಾಡ್ಜಸ್ 1980ರಲ್ಲಿ ಸ್ಥಾಪಿತವಾಯಿತು. ನಮ್ಮ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ, ಭದ್ರಾ ಜಲಾಶಯದ ದಂಡೆಯಲ್ಲಿ, ನಡುಗಡ್ಡೆಗಳಿಗೆ ಮೊಟ್ಟೆಯಿಡಲು ಬರುವ ರೀವ ಹಕ್ಕಿಯ ಹೆಸರಿನಲ್ಲಿ ಅದರ ಒಂದು ವಿಹಾರಧಾಮವಿದೆ. ದೂರದ ಊರುಗಳ ಪ್ರವಾಸಿಗಳು ಅಲ್ಲಿಗೆ ಬರುವುದು ಸಂತೋಷದ ವಿಷಯವೇ. ಆದರೆ ಆ ನೀರು, ಆ ಕಾಡು ಯಾರ ನೆರೆಯಲ್ಲಿವೆಯೋ ಅವರಲ್ಲಿ ಎಷ್ಟು ಮಂದಿ ಅದರ ದಂಡೆಯಲ್ಲಿ ಒಂದು ರಾತ್ರಿ ಮಲಗಬಲ್ಲರು?

ಆದ್ದರಿಂದ ನನ್ನ ಸೂಚನೆ ಇಷ್ಟೇ. ಕೆಮ್ಮಣ್ಣುಗುಂಡಿಯಲ್ಲಿಯೂ ಲಕ್ಕವಳ್ಳಿಯಲ್ಲಿಯೂ ಕೆಲವು ಬಿಡಾರಗಳನ್ನು ನೆರೆಯ ತಾಲ್ಲೂಕುಗಳ ಕುಟುಂಬಗಳಿಗಾಗಿ, ಶನಿವಾರ ಭಾನುವಾರಗಳ ನೂಕುನುಗ್ಗಲಿಲ್ಲದ ದಿನಗಳಲ್ಲಾದರೂ, ಮೀಸಲಿಡಲಿ. ಬಾಡಿಗೆಯು ಒಂದು ದಿನದ ಕೂಲಿಯನ್ನು ಮೀರದಿರಲಿ. ಕೋಣೆಯನ್ನು ಗೊತ್ತುಮಾಡಲು ಇಂಗ್ಲಿಷ್ ಅರ್ಜಿ, ಬ್ಯಾಂಕಿನ ಕಾರ್ಡು ಬೇಕೆನ್ನದೆ ಹಳ್ಳಿಯ ಗ್ರಾಮ ಒನ್ ಕೇಂದ್ರದಲ್ಲಿಯೇ ಅವಕಾಶ ಕೊಡಲಿ. ಭದ್ರಾ ಕಾಡು 1998ರಿಂದ ಹುಲಿ ಯೋಜನೆಗೆ ಸೇರಿದೆ. ಅದರೊಳಗೆ ಹೊಸ ಕಟ್ಟಡ ಕಟ್ಟುವುದು ತರವಲ್ಲ. ಇಲ್ಲಿಯೇ ಗಾಲಿಮನೆಯ ಉಪಯೋಗವಿರುವುದು. ಅದಕ್ಕೆ ಪಾಯ ತೋಡಬೇಕಿಲ್ಲ, ಮರ ಕಡಿಯಬೇಕಿಲ್ಲ. ಕಾಡಿನ ಹೊರಗೆ ನಿಲ್ಲಿಸಿ, ಬೇಡವಾದಾಗ ಎಳೆದುಕೊಂಡು ಹೋಗಬಹುದು. 2001-02ರ ಸುಮಾರಿಗೆ ಆ ಕಾಡಿನೊಳಗಿನ ಹಳ್ಳಿಗಳನ್ನು ಬಿಟ್ಟು 400ಕ್ಕೂ ಹೆಚ್ಚು ಕುಟುಂಬಗಳು ಹೊರಬಂದವು. ಅವರಲ್ಲಿ ಅನೇಕರು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆಸಿದರು. ಕಾಡನ್ನು ಬಲ್ಲ ಆ ಮನೆಗಳ ಮಕ್ಕಳಿಗೆ ಈ ಬಿಡಾರಗಳ ಉಸ್ತುವಾರಿಯನ್ನು ವಹಿಸಿದರೆ ಉದ್ಯೋಗವೂ ಆದೀತು, ನ್ಯಾಯವೂ ಆದೀತು. ಹಾಸಿಗೆ ಹಾಸುವವರಿಗೆ ತಕ್ಕ ಸಂಬಳವಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಒಬ್ಬ ತಾಯಿಯ ವಿಶ್ರಾಂತಿಗಾಗಿ ಇನ್ನೊಬ್ಬ ತಾಯಿ ಬಿಟ್ಟಿ ದುಡಿಯುವಂತಾಗಬಾರದು.

ನಾನು ನಮ್ಮ ಮನೆಯಲ್ಲಿ ಪದವಿ ಪರೀಕ್ಷೆಗೆ ಕೂರುವವರಲ್ಲಿ ಮೊದಲನೆಯವಳು. ಈ ಮೂರು ವರ್ಷ ನಾನು ಗ್ರಂಥಾಲಯದಲ್ಲಿ ಕುಳಿತು ಓದಿದ ಒಂದೊಂದು ಗಂಟೆಯನ್ನೂ ಅವ್ವ ತನ್ನ ದುಡಿಮೆಯಿಂದ ಕೊಂಡುಕೊಟ್ಟಿದ್ದಾಳೆ. ಕೋಶ ಓದುವುದು ನನಗೆ ಸಿಕ್ಕಿತು. ದೇಶ ಸುತ್ತುವುದು ಬೇಡ, ಬೆಟ್ಟದ ಮೇಲಿನ ಜಗುಲಿಯೊಂದರಲ್ಲಿ ಬಿಸಿಲು ಬರುವ ತನಕ ಸುಮ್ಮನೆ ಕೂರುವ ಅವಕಾಶವಾದರೂ ವರ್ಷಕ್ಕೊಮ್ಮೆ ಅವಳಿಗೂ, ಅವಳಂಥವರಿಗೂ ಸಿಗಲಿ. ನೌಕರಿ ಹಿಡಿದ ಮೇಲೆ ನಾವು ಮೊದಲು ಗೊತ್ತುಮಾಡುವ ಕೋಣೆಯು ನಮ್ಮ ತಾಯಂದಿರಿಗಾಗಿರಲಿ ಎಂದು ಸಹಪಾಠಿ ಮಿತ್ರರಲ್ಲಿ ನನ್ನ ವಿನಂತಿ. ಗಂಟಿನಲ್ಲಿ ರಾಗಿಹಿಟ್ಟು ಬಂದೀತು, ಜೋಕೆ. ಅದನ್ನು ಮನೆಯಲ್ಲಿಯೇ ಇಳಿಸಿ ಹೊರಡಿ.